ಅಕ್ಕನ ಮಂಡಿಯ ಚಾಕಿ

ನನ್ನ ಅಕ್ಕನ ಎಡ ಮಂಡಿಯ ವಿಷಯ ಯಾರಾದರೂ ಎತ್ತಿದರೆ ನಾನು ಹತ್ತಬೇಕಾದ ಬಸ್ಸನ್ನು ಬಿಟ್ಟಾದರೂ ನಿಂತು ಪೂರ್ತಿ ಹೇಳುತ್ತೇನೆ. ನನ್ನ ಕಚೇರಿಯವರು ಇದನ್ನು ಎಷ್ಟು ಸಲ ಕೇಳಿದ್ದಾರೆಂದರೆ, ನಾನು ಬಾಯಿ ತೆರೆದ ಕೂಡಲೇ ಟೀ ಕುಡಿಯಲು ಎದ್ದು ಹೋಗುತ್ತಾರೆ. ಹೋಗಲಿ. ಜಂಬ ಅನ್ನುವವರು ಅನ್ನಲಿ. ಕೆಲವರಿಗೆ ಮಗಳು ರ‍್ಯಾಂಕು ಬಂದ ಜಂಬ, ಕೆಲವರಿಗೆ ಸೈಟು ಕೊಂಡ ಜಂಬ. ನನಗೆ ಅಕ್ಕನ ಮಂಡಿಯ ಜಂಬ.

ನಮ್ಮ ಊರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ನಾನು ಮದುವೆಯಾಗಿ ಗೌರಿಬಿದನೂರು ಸೇರಿ, ಅಲ್ಲೇ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾದೆ. ಮದುವೆ ಬೇಡವೆಂದ ಅಕ್ಕ ಅಮ್ಮನ ಜೊತೆ ಊರಲ್ಲೇ ಉಳಿದು ಚಾಕಿ ಮನೆ ನಡೆಸುತ್ತಿದ್ದಳು. ರೇಷ್ಮೆ ಗೊತ್ತಿಲ್ಲದವರಿಗೆ ಚಾಕಿ ಎಂದರೇನೆಂದು ಹೇಳಬೇಕು. ಮೊಟ್ಟೆಯೊಡೆದು ಆಗತಾನೆ ಹೊರಬಂದ ರೇಷ್ಮೆಹುಳು ಇರುವೆಗಿಂತ ಸಣ್ಣದು. ಅದಕ್ಕೆ ಎಳೆಯ ಹಿಪ್ಪುನೇರಳೆ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಬೇಕು, ಶಾಖ ಹೆಚ್ಚುಕಡಿಮೆಯಾಗದಂತೆ ಕಾಯಬೇಕು, ಒಳಗೆ ಹೋಗುವವರು ಕೈಕಾಲು ತೊಳೆದೇ ಹೋಗಬೇಕು. ಎಲ್ಲ ಬೆಳೆಗಾರರಿಗೂ ಇದು ಆಗುವ ಮಾತಲ್ಲ. ಹಾಗಾಗಿ ತಮ್ಮ ಮೊಟ್ಟೆಯನ್ನು ಚಾಕಿ ಮನೆಗೆ ಕೊಡುತ್ತಾರೆ. ಅಲ್ಲಿ ಎಳೆ ಹುಳುವನ್ನು ಸಾಕಿ, ಎರಡನೇ ಜ್ವರ ದಾಟಿಸಿ, ಗಟ್ಟಿಯಾದ ಮೇಲೆ ಅವರವರದನ್ನು ಅವರವರಿಗೆ ವಾಪಸ್ ಕೊಡುತ್ತಾರೆ.

ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಪೊರೆ ಬಿಡುವ ಮುಂಚೆ ತಲೆಯೆತ್ತಿ ಮಿಸುಕಾಡದೆ ಕೂತುಬಿಡುತ್ತದೆ; ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲ್ಲಾಡಿಸಬಾರದು, ಮುಟ್ಟಲೇಬಾರದು. ಹುಳು ಜ್ವರಕ್ಕೆ ಕೂತ ದಿನ ನಮ್ಮಮ್ಮ ಕೆಮ್ಮಬೇಕಾದರೂ ಬೀದಿಗೆ ಹೋಗುತ್ತಿದ್ದಳು. ಅಕ್ಕನ ಕಟ್ಟುನಿಟ್ಟು ಅಂಥದ್ದು.

ಚಾಕಿ ಮನೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಸಾಲಾಗಿ ಜೋಡಿಸಿರುತ್ತಾರೆ. ಎಲ್ಲಕ್ಕಿಂತ ಕೆಳಗಿನದು ನೆಲದಿಂದ ಗೇಣುದ್ದ ಮೇಲಿದ್ದರೆ, ಮೇಲಿನದು ತಲೆಯೆತ್ತರ. ಕೆಳಗಿನ ತಟ್ಟೆಗಳಿಗೆ ಕುಕ್ಕರಗಾಲಿನಲ್ಲಿ ಕೂತೇ ಸೊಪ್ಪು ಹಾಕಬೇಕು. ಕೂರುವುದು, ಏಳುವುದು, ಮತ್ತೆ ಕೂರುವುದು. ಅಕ್ಕ ಇದನ್ನು ಹಾಡು ಗುನುಗುತ್ತಾ ಮಾಡುವವಳು. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಗೋಡೆಗೊರಗುತ್ತಿದ್ದೆ.

ಅದು ಎರಡು ಸಾವಿರದ ದಶಕದ ಕೊನೆಕೊನೆಯ ವರ್ಷಗಳು. ಒಂದು ಬೆಳಗ್ಗೆ ಅಕ್ಕ ಮೊಪೆಡ್ಡಿನ ಹಿಂದೆ ಸೊಪ್ಪಿನ ಹೊರೆ ಕಟ್ಟಿಕೊಂಡು ತೋಟದಿಂದ ಬರುವಾಗ ನಾಯಿ ಅಡ್ಡ ಬಂತು. ಗಾಡಿ ಒಂದು ಕಡೆ, ಸೊಪ್ಪು ಒಂದು ಕಡೆ, ಅಕ್ಕನ ಮಂಡಿ ಮೋರಿಯ ಚಪ್ಪಡಿಯ ಅಂಚಿನ ಮೇಲೆ. ಚಿಂತಾಮಣಿಯಲ್ಲಿ ಎಕ್ಸ್‌ರೇ ತೆಗೆದು ಮೂಳೆ ಮುರಿದಿಲ್ಲ ಎಂದರು. ನಾವೂ ಸಮಾಧಾನಪಟ್ಟುಕೊಂಡೆವು. ಊತ ಇಳಿಯಿತು, ನಡೆದಾಡಿದಳು, ಆದರೆ ಕುಕ್ಕರಗಾಲಿನಲ್ಲಿ ಕೂತರೆ ಮಂಡಿಯೊಳಗೆ ಏನೋ ಸಿಕ್ಕಿಹಾಕಿಕೊಂಡು ಏಳಲಾರದೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾಟಿ ಪಟ್ಟು ಹಾಕಿಸಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು. ಕೊನೆಗೆ ಒಂದು ಮಣೆಯಂಥ ಸ್ಟೂಲು ಮಾಡಿಸಿಕೊಂಡು ಅದರ ಮೇಲೆ ಕೂತು ಒಂದು ಬೆಳೆ ಚಾಕಿ ಸಾಕಿದಳು. ಕೆಳಗಿನ ತಟ್ಟೆಗಳ ಹುಳು ಏರುಪೇರಾಯಿತು. ಬೆಳೆಗಾರರು ಅವಳ ಮುಖ ನೋಡಿ ಏನೂ ಅನ್ನಲಿಲ್ಲ. ಅವರು ಅನ್ನದೇ ಇದ್ದದ್ದನ್ನೇ ಅವಳಿಗೆ ತಡೆಯಲಾಗಲಿಲ್ಲ.

"ಅರ್ಧಂಬರ್ಧ ಚಾಕಿ ಕೊಡೋಕಿಂತ ಬಾಗ್ಲು ಹಾಕೋದು ಮೇಲು ಕಣೇ" ಎಂದು ತಟ್ಟೆಗಳನ್ನೆಲ್ಲ ತೊಳೆದು, ಒಣಗಿಸಿ, ಬೋರಲು ಹಾಕಿ, ಚಾಕಿ ಮನೆಗೆ ಬೀಗ ಜಡಿದಳು. ಕೂಲಿಗೆ ಇಬ್ಬರನ್ನು ಇಟ್ಟುಕೋ ಎಂದು ನಾನು ಹೇಳಿದ್ದಕ್ಕೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಬಂತು: "ಹಸುಗೂಸ್ನ ಬೇರೆಯೋರ ಕೈಲಿ ಕೊಟ್ಟು ನಾನು ಕುರ್ಚಿ ಮೇಲೆ ಕೂತ್ಕೊಂಡು ನೋಡ್ಲಾ?"

ಚಿಂತಾಮಣಿಯ ನಮ್ಮ ಸೋದರಮಾವ ಈ ಸುದ್ದಿ ಕೇಳಿಯೇ ಬಂದ. ಟೊಮೆಟೊ ವ್ಯಾಪಾರದ ಮನುಷ್ಯ. ಎಲ್ಲಿ ಖಾಲಿ ಜಾಗ ಕಂಡರೂ ಅಲ್ಲಿ ಕ್ರೇಟು ಕಾಣುತ್ತದೆ ಅವನಿಗೆ. ಕೆಟ್ಟವನೇನಲ್ಲ, ಅಪ್ಪ ಹೋದ ಮೇಲೆ ನಮ್ಮನ್ನು ನೋಡಿಕೊಂಡವನೇ. "ಎಂದುಕಮ್ಮಾ ನಿಂಗೀ ಕಷ್ಟ? ಆ ಶೆಡ್ಡು ನಂಗೆ ಬಿಟ್ಕೊಡು, ಕ್ರೇಟು ಇಟ್ಕೊತೀನಿ. ನೀನು ನಿಮ್ಮಮ್ಮ ಕೂತ್ಕೊಂಡು ಉಣ್ರಿ" ಎಂದ, ನಮ್ಮ ಗಡಿ ಕಡೆಯವರ ಹಾಗೆ ತೆಲುಗು ಬೆರೆಸಿ.

"ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲ್ದು ಮಾವ" ಎಂದಳು ಅಕ್ಕ. "ಅದೂ ಅಲ್ದೆ ನಂಗೆ ಕೂತ್ಕೊಳ್ಳೋಕೇ ಬರ್ತಿಲ್ವಲ್ಲ!"

ಎಲ್ಲರೂ ನಕ್ಕೆವು. ಆದರೆ ಮಾವ ಹೊರಟಾಗ, ಮುಂದಿನ ಯುಗಾದಿಯೊಳಗೆ ಚಾಕಿ ಮನೆ ಶುರುವಾಗದಿದ್ದರೆ ಶೆಡ್ಡು ಅವನಿಗೆ ಎಂಬ ಮಾತಾಗಿತ್ತು. ಮಾತು ಕೊಟ್ಟವಳು ಅಮ್ಮ. ಅಕ್ಕ ಬಾಯಿ ಬಿಡಲಿಲ್ಲ. ಆ ಮೌನ ನನಗೆ ಹಿಡಿಸಲಿಲ್ಲ. ಜಗಳವಾಡುವ ಅಕ್ಕ ನನಗೆ ಗೊತ್ತು, ಸುಮ್ಮನಿರುವ ಅಕ್ಕನನ್ನು ಏನು ಮಾಡಬೇಕೋ ಗೊತ್ತಿರಲಿಲ್ಲ. ಮಾರನೇ ವಾರವೇ ರಜೆ ಹಾಕಿ ಅವಳನ್ನು ಬೆಂಗಳೂರಿಗೆ ಎಳೆದುಕೊಂಡು ಹೋದೆ.

ಮೊದಲು ನೋಡಿದ ದೊಡ್ಡ ಡಾಕ್ಟರು, ಈಗೇನೂ ಮಾಡುವ ಹಾಗಿಲ್ಲ, ಐವತ್ತರ ಹತ್ತಿರ ಬಂದಾಗ ಇಡೀ ಮಂಡಿ ಬದಲಾಯಿಸೋಣ ಎಂದರು. ಅಕ್ಕನಿಗಾಗ ಮೂವತ್ತು ದಾಟಿ ಸ್ವಲ್ಪವಾಗಿತ್ತು. "ಅಲ್ಲೀವರ್ಗೂ ಹುಳು ಕಾಯ್ತಾವಾ ಡಾಕ್ಟ್ರೇ?" ಎಂದು ಕೇಳಿ ಎದ್ದುಬಂದಳು. ಅವರ ಹತ್ತಿರವೇ ಕಲಿತು ಬೇರೆ ಆಸ್ಪತ್ರೆ ಸೇರಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ ಹೆಸರನ್ನು ಹೊರಗಿದ್ದ ನರ್ಸಮ್ಮ ಪಿಸುಗುಟ್ಟಿದರು. ಹೊಸದೇನೋ ಮಾಡುತ್ತಾರಂತೆ, ನೋಡಿ ಎಂದರು.

ಈ ಡಾಕ್ಟರು ಅಕ್ಕನ ಮಂಡಿಯ ಚಿತ್ರವನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಸಮಾಧಾನವಾಗಿ ವಿವರಿಸಿದರು. "ಕೋಳಿ ಕಾಲಿನ ಮೂಳೆ ತುದೀಲಿ ಬೆಳ್ಳಗೆ ನುಣ್ಣಗೆ ಹೊಳೆಯುತ್ತಲ್ಲ, ಅದು ನಮಗೂ ಇದೆ. ಮೃದ್ವಸ್ಥಿ ಅಂತೀವಿ. ಮೂಳೆಗೆ ಮೂಳೆ ಉಜ್ಜದ ಹಾಗೆ ಅದು ಕಾಯುತ್ತೆ. ಬಿದ್ದಾಗ ನಿಮಗೆ ಅದರಲ್ಲಿ ಒಂದು ತುಂಡು ಕಿತ್ತು ಗುಳಿ ಬಿದ್ದಿದೆ. ಮುರಿದ ಮೂಳೆ ತಾನೇ ಕೂಡುತ್ತೆ, ಇದು ತಾನಾಗಿ ಬೆಳೆಯಲ್ಲ."

"ಮತ್ತೆ?"

"ನಾವು ಬೆಳೆಸೋಣ. ಮಂಡಿಯಲ್ಲೇ ಭಾರ ಬೀಳದ ಅಂಚಿನಿಂದ ಅಕ್ಕಿ ಕಾಳಿನಷ್ಟು ತೆಗೀತೀವಿ. ಅದರಲ್ಲಿರೋ ಜೀವಕೋಶಗಳನ್ನ ಲ್ಯಾಬಿನಲ್ಲಿ ಕೆಲವು ವಾರ ಸಾಕ್ತಾರೆ. ಸಾಕಷ್ಟು ಆದ ಮೇಲೆ ತಂದು ಆ ಗುಳಿಯಲ್ಲಿ ಇಡ್ತೀವಿ. ಯಾರದೋ ಅಲ್ಲ, ನಿಮ್ಮದೇ."

ಅಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಕಳೆ. "ಚಾಕಿ ಕಣೇ!" ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಅವರಿಗೆ ಅರ್ಥ ಮಾಡಿಸಲು ಅಕ್ಕ ತೆಗೆದುಕೊಂಡ ಹೊತ್ತಿನಲ್ಲಿ ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ತಟ್ಟಿದರು. ಆಮೇಲೆ ಶುರುವಾಯಿತು ಅವಳ ವಿಚಾರಣೆ. ಲ್ಯಾಬಿನಲ್ಲಿ ಶಾಖ ಎಷ್ಟಿಡುತ್ತಾರೆ? ಒಳಗೆ ಹೋಗುವವರು ಬಟ್ಟೆ ಬದಲಾಯಿಸುತ್ತಾರಾ? ನನ್ನದನ್ನು ಇನ್ನೊಬ್ಬರದರ ಜೊತೆ ಬೆರೆಸಿಬಿಟ್ಟರೆ? ಮೇವು ಏನು ಹಾಕುತ್ತಾರೆ? ನಿಮ್ಮ ರಕ್ತದಿಂದಲೇ ತೆಗೆದ ತಿಳಿನೀರು ಹಾಕುತ್ತಾರೆ ಎಂದರು ಡಾಕ್ಟರು. "ಅಂದ್ರೆ ನಮ್ ತೋಟದ್ದೇ ಸೊಪ್ಪು" ಎಂದು ಅಕ್ಕ ತಲೆಯಾಡಿಸಿದಳು. ಒಪ್ಪಿಗೆಯಾದ ಹಾಗೆ. ಮದುವೆಗೆ ಹುಡುಗನ ಮನೆ ನೋಡಿದ ಹಾಗಿತ್ತು ಅದು. ಎಲ್ಲ ಸಲವೂ ಬೆಳೆದೇ ಬೆಳೆಯುತ್ತದೆಂದು ಹೇಳಲಾಗದು, ಮುಂದೆ ತಿಂಗಳುಗಟ್ಟಲೆ ಶಿಸ್ತು ಬೇಕು ಎಂದೂ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ಜೊತೆಗೆ ಬಂದಿದ್ದ ಅಮ್ಮ ಅಲ್ಲಿಯವರೆಗೆ ಸುಮ್ಮನಿದ್ದವಳು ಸೀರೆಯನ್ನು ಮಂಡಿಯ ತನಕ ಸರಿಸಿ, "ನನ್ ಮಂಡೀಗೂ ಒಂದೆರಡು ಬಿಡಪ್ಪ, ಪುಣ್ಯ ಬರುತ್ತೆ" ಎಂದಳು. ವಯಸ್ಸಿನ ಸವೆತಕ್ಕೆ ಇದು ಆಗುವುದಿಲ್ಲ, ಎಳೆ ಮಂಡಿಯಲ್ಲಿ ಒಂದೇ ಕಡೆ ಪೆಟ್ಟಾಗಿದ್ದರೆ ಮಾತ್ರ ಎಂದರು ಡಾಕ್ಟರು. ಅಮ್ಮ ದಾರಿಯುದ್ದಕ್ಕೂ ಮುನಿಸಿಕೊಂಡಿದ್ದಳು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ನಿಂತಾಗ ದ್ರಾಕ್ಷಿ ಕೊಡಿಸಿದ ಮೇಲೆ ಸರಿಹೋದಳು.

ದುಡ್ಡು ಹೇಗೆ ಹೊಂದಿತು ಎಂಬುದು ನಮ್ಮ ಮನೆಯ ಮಾತು, ಇಲ್ಲಿ ಬೇಡ. ಮೊದಲ ಸಲ ಸಣ್ಣ ತೂತು ಕೊರೆದು ಅಕ್ಕಿ ಕಾಳಿನಷ್ಟನ್ನು ತೆಗೆದರು. ಅದು ತಣ್ಣನೆಯ ಪೆಟ್ಟಿಗೆಯಲ್ಲಿ ಯಾವುದೋ ಊರಿನ ಲ್ಯಾಬಿಗೆ ಹೋಯಿತು. ಅಕ್ಕ ಊರಿಗೆ ಬಂದು ಕಾದಳು. ಆಸ್ಪತ್ರೆಗೆ ಅವಳು ಮಾಡಿದ ಫೋನುಗಳಿಗೆ ಲೆಕ್ಕವಿಲ್ಲ. ಈಗ ಎಷ್ಟಾಗಿದ್ಯಂತೆ, ಚುರುಕಾಗಿದ್ಯಂತಾ, ಯಾರ ಕೈಲಿದೆ? ಕೊನೆಕೊನೆಗೆ ಅಲ್ಲಿ ಫೋನು ಎತ್ತುವ ಹುಡುಗಿ ಅಕ್ಕನ ದನಿ ಕೇಳಿದ ತಕ್ಷಣ "ಚೆನ್ನಾಗಿ ಮೇಯ್ತಾ ಇದೆ ಆಂಟಿ" ಎನ್ನಲು ಕಲಿತಿದ್ದಳಂತೆ.

ಬೆಳೆದವು. ಎರಡನೇ ಆಪರೇಷನ್ನಿನಲ್ಲಿ ಮಂಡಿ ತೆರೆದು, ಆ ಕೋಶಗಳನ್ನು ಅಂಟಿನಂಥದ್ದರಲ್ಲಿ ಸೇರಿಸಿ ಗುಳಿಗೆ ತುಂಬಿದರು. ಒಂದೂವರೆ ತಿಂಗಳು ಆ ಕಾಲಿನ ಮೇಲೆ ಭಾರ ಬಿಡಬಾರದು, ಆದರೆ ಮಂಡಿಯನ್ನು ದಿನವೂ ಹೇಳಿಕೊಟ್ಟಷ್ಟು ಮಡಿಚಿ ಬಿಡಿಸಬೇಕು ಎಂದು ಹೇಳಿ ಕಳಿಸಿದರು. ಆಸ್ಪತ್ರೆಯಲ್ಲಿದ್ದಷ್ಟು ದಿನ ಒಂದು ಯಂತ್ರ ಕಾಲನ್ನು ತೊಟ್ಟಿಲಿನ ಹಾಗೆ ಮೆಲ್ಲಗೆ ಆಡಿಸುತ್ತಿತ್ತು.

ಎಡವಟ್ಟಾಗಿದ್ದು ಮನೆಗೆ ಬಂದ ಮೇಲೆ. ಅಕ್ಕ ಮಲಗಿಕೊಂಡೇ ತೀರ್ಮಾನಿಸಿಬಿಟ್ಟಿದ್ದಳು: ಹುಳು ಜ್ವರಕ್ಕೆ ಕೂತಿದೆ. ಹೊಸ ಜಾಗ, ಹೊಸ ಪೊರೆ. ಈಗ ಮುಟ್ಟಬಾರದು, ಅಲ್ಲಾಡಿಸಬಾರದು. ಪಟ್ಟಿ ಬಿಗಿದು, ಎರಡು ದಿಂಬಿನ ನಡುವೆ ಕಾಲನ್ನು ನೀಟಾಗಿಟ್ಟು, ಗಾಳಿ ಬಂದರೆ ಕಿಟಕಿ ಹಾಕಿಸಿ, ಕಲ್ಲಿನ ಹಾಗೆ ಮಲಗಿದಳು. ನೋವಿನ ಹೆದರಿಕೆಯಿಂದ ಹಾಗೆ ಮಾಡಿದ್ದರೆ ನಾವು ಬೈಯುತ್ತಿದ್ದೆವು. ಅವಳು ಮಾಡಿದ್ದು ವ್ರತದ ಹಾಗೆ. ಸೊಳ್ಳೆ ಕಚ್ಚಿದರೂ ಆ ಕಾಲು ಅದುರಿಸಲಿಲ್ಲ. ಅಮ್ಮನಿಗಂತೂ ಇದು ದೇವರ ಮಾತಿನಷ್ಟೇ ಸತ್ಯ. ಹಾಸಿಗೆಯ ಹತ್ತಿರ ಪಾತ್ರೆ ಸದ್ದು ಮಾಡಿದ್ದಕ್ಕೆ ನನಗೆ ಬೈಗುಳ ಬಿತ್ತು. ಡಾಕ್ಟರು ಮಡಿಚಬೇಕೆಂದರಲ್ಲ ಎಂದು ನಾನು ಕೇಳಿದರೆ, "ಅವ್ರು ಎಲ್ರಿಗೂ ಹೇಳೋದನ್ನೇ ಹೇಳ್ತಾರೆ. ಎಳೇದನ್ನ ಸಾಕೋದು ನಂಗೆ ಗೊತ್ತು ಸುಮ್ನಿರೇ" ಎಂದಳು ಅಕ್ಕ. ಚಾಕಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವಳ ಮಾತಿಗೆ ಎದುರು ಮಾತಿಲ್ಲ.

ತಪಾಸಣೆಗೆ ಹೋದ ದಿನ ಡಾಕ್ಟರು ಅಕ್ಕನ ಹಿಮ್ಮಡಿ ಹಿಡಿದು ಮಂಡಿ ಮಡಿಚಲು ನೋಡಿದರು. ಒಂದಿಷ್ಟು ಬಾಗಿ ನಿಂತಿತು. ಮತ್ತೆ ನೋಡಿದರು. ಅಕ್ಕ ಚೀರಿದಳು. ಡಾಕ್ಟರ ಮುಖ ಗಂಟಾಯಿತು. ಮಂಡಿ ಬಿಗಿದುಕೊಂಡಿದೆ, ಹೀಗೇ ಬಿಟ್ಟರೆ ಒಳಗಿಟ್ಟ ಕೋಶಗಳೂ ಉಳಿಯುವುದಿಲ್ಲ, ಮಂಡಿಯೂ ಬಾಗುವುದಿಲ್ಲ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಯುಗಾದಿ, ಮಾವ, ಕ್ರೇಟು ಎಲ್ಲ ಕಣ್ಣಮುಂದೆ ಬಂದವು. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು.

"ಯಾಕಮ್ಮಾ ಮಡಿಚಲಿಲ್ಲ?" ಎಂದು ಡಾಕ್ಟರು ಕೇಳಿದರು. ರೇಗುತ್ತಾರೆ ಎಂದುಕೊಂಡಿದ್ದೆ, ರೇಗಲಿಲ್ಲ.

"ಜ್ವರಕ್ಕೆ ಕೂತಿದೆ ಅಂದ್ಕೊಂಡೆ" ಎಂದಳು ಅಕ್ಕ. ಅವಳ ದನಿ ಮೊದಲ ಸಲ ಸಣ್ಣದಾಗಿತ್ತು. ಮುಟ್ಟಬಾರದ ಕಾರಣವನ್ನೆಲ್ಲ ಹೇಳಿದಳು. ಡಾಕ್ಟರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು.

"ನಿಮ್ಮ ಹುಳು ಎಷ್ಟು ಹೊತ್ತು ಜ್ವರಕ್ಕೆ ಕೂರುತ್ತೆ?"

"ಒಂದು ಹಗಲು, ಒಂದು ರಾತ್ರಿ. ಹೆಚ್ಚೂಕಡ್ಮೆ."

"ಎದ್ದ ಮೇಲೆ?"

"ಸೊಪ್ಪು ಕೊಡ್ಬೇಕು. ಎಲ್ಲಾ ಎದ್ದ್ಮೇಲೂ ತಡ ಮಾಡಿದ್ರೆ ಸೊರಗ್ತಾವೆ."

"ಇದೂ ಎದ್ದು ಬಹಳ ದಿನ ಆಯ್ತಮ್ಮ" ಎಂದರು ಡಾಕ್ಟರು. "ಮೃದ್ವಸ್ಥಿಗೆ ರಕ್ತನಾಳ ಇಲ್ಲ. ಮಂಡಿಯೊಳಗಿನ ನೀರೇ ಅದಕ್ಕೆ ಊಟ. ಮಂಡಿ ಮಡಿಚಿ ಬಿಡಿಸಿದಾಗ ಆ ನೀರು ಒಳಗೆ ಹೋಗಿ ಹೊರಗೆ ಬರುತ್ತೆ. ಮಡಿಚೋದೇ ನೀವು ಹಾಕೋ ಸೊಪ್ಪು. ಹಸ್ಕೊಂಡಿದೆ ಅದು."

ಅಕ್ಕ ಬಿಳಿಚಿಕೊಂಡಳು. ತನಗೆ ತೊಂದರೆಯಾಯಿತೆಂದಲ್ಲ. ಎಳೆ ಹುಳುವನ್ನು ಉಪವಾಸ ಕೆಡವಿದೆನಲ್ಲ ಎಂಬ ಸಂಕಟ ಅವಳದು. ಅವಳ ಜೀವಮಾನದಲ್ಲೇ ಹಾಗಾಗಿರಲಿಲ್ಲ. "ಈಗ ಶುರು ಮಾಡಿದ್ರೆ ಉಳೀತಾವಾ?" ಎಂದು ಕೇಳಿದಳು. ಉಳಿಯಬಹುದು, ಆದರೆ ನೋವಾಗುತ್ತದೆ ಎಂದರು. "ನೋವು ನಂಗಲ್ವಾ, ಆಗ್ಲಿ. ಮಡಿಚಿ" ಎಂದು ಕಾಲು ಮುಂದೆ ಮಾಡಿದಳು.

ಆಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಹೆಮ್ಮೆಯೂ ಆಗುತ್ತದೆ. ಚಿಕ್ಕಬಳ್ಳಾಪುರದಲ್ಲಿ ವ್ಯಾಯಾಮ ಮಾಡಿಸುವ ಒಬ್ಬ ಹೆಣ್ಣುಮಗಳಿದ್ದಳು. ವಾರಕ್ಕೆರಡು ಸಲ ಅಲ್ಲಿಗೆ. ಉಳಿದ ದಿನ ಮನೆಯಲ್ಲೇ. ಹುಳುವಿಗೆ ಸೊಪ್ಪು ಹಾಕುವ ಹೊತ್ತು ಹೊತ್ತಿಗೆ ಸರಿಯಾಗಿ ಅಕ್ಕ ಗೋಡೆಗೊರಗಿ ಕೂತು, ಹಿಮ್ಮಡಿಯ ಕೆಳಗೆ ಎಣ್ಣೆ ಬಟ್ಟೆ ಹಾಕಿಕೊಂಡು, ಕಾಲನ್ನು ಜಾರಿಸಿ ಜಾರಿಸಿ ಮಡಿಚುತ್ತಿದ್ದಳು. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು, ಬಾಯಲ್ಲಿ ಮಾತ್ರ "ತಿನ್ರೋ, ತಿನ್ರಪ್ಪಾ" ಎಂಬ ಅದೇ ಚಾಕಿ ಮನೆಯ ಮುದ್ದು. ಅಮ್ಮ ನೋಡಲಾರದೆ ಹಿತ್ತಲಿಗೆ ಹೋಗಿ ಅಳುತ್ತಿದ್ದಳು. ನಾನು ಶನಿವಾರ ಸಂಜೆ ಗೌರಿಬಿದನೂರಿನಿಂದ ಬಂದಾಗಲೆಲ್ಲ ಅವಳ ಹಿಮ್ಮಡಿ ಒಂದಿಷ್ಟು ತೊಡೆಯ ಕಡೆ ಹತ್ತಿರವಾಗಿರುತ್ತಿತ್ತು. ಒಂದು ವಾರ ಏನೂ ಹತ್ತಿರವಾಗಿರಲಿಲ್ಲ. ಆ ವಾರ ಅವಳು ನನ್ನ ಜೊತೆ, ಅಮ್ಮನ ಜೊತೆ, ಹಾಲಿನವನ ಜೊತೆ, ಎಲ್ಲರ ಜೊತೆ ಜಗಳವಾಡಿದಳು. ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ನಮ್ಮ ಅಕ್ಕ ವಾಪಸ್ ಬಂದಿದ್ದಳು.

ಊರಲ್ಲಿ ಸುದ್ದಿ ಬೇರೆಯೇ ಬೆಳೆದಿತ್ತು. ಮೇಕೆ ಮೂಳೆ ಹಾಕಿದ್ದಾರಂತೆ ಎಂದರು ಕೆಲವರು. ಸತ್ತವರದ್ದನ್ನು ತೆಗೆದು ಹಾಕಿದ್ದಾರೆ, ಇನ್ನು ಅವಳ ಕೈಯಲ್ಲಿ ಕಳಶ ಹಿಡಿಸಬಾರದು ಎಂದರು ಇನ್ನು ಕೆಲವರು. ನಾನು ಒಬ್ಬೊಬ್ಬರ ಮನೆಗೂ ಹೋಗಿ ಜಗಳ ತೆಗೆಯಲು ಸಿದ್ಧವಾಗಿದ್ದೆ. ಅಕ್ಕ ತಲೆಗೆ ಹಚ್ಚಿಕೊಳ್ಳಲಿಲ್ಲ. ಅವಳಿಗೆ ಮಡಿಚುವುದು ಬಿಟ್ಟರೆ ಬೇರೆ ಧ್ಯಾನವಿರಲಿಲ್ಲ.

ಯುಗಾದಿಗೆ ಇನ್ನೂ ಕೆಲವು ವಾರ ಇರುವಾಗ ಡಾಕ್ಟರು ಹೊಸ ಚಿತ್ರ ತೆಗೆಸಿದರು. ಗುಳಿಯಿದ್ದ ಜಾಗ ತುಂಬಿ ಸುತ್ತಲಿನದರ ಜೊತೆ ಬೆಸೆದುಕೊಂಡಿತ್ತು. ಅವರೇ ತಮ್ಮ ಕೊಠಡಿಯ ನೆಲವನ್ನು ತೋರಿಸಿ, ಮೆಲ್ಲಗೆ ಕುಕ್ಕರಗಾಲಿನಲ್ಲಿ ಕೂತು ನೋಡಿ ಎಂದರು. ಅಕ್ಕ ಮೇಜಿನ ಅಂಚು ಹಿಡಿದು ಇಳಿದಳು, ಕೂತಳು, ಮೇಜು ಹಿಡಿದೇ ಎದ್ದಳು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನಾನು ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ. "ಮಾನ ಕಳೀಬ್ಯಾಡ ಕಣೇ" ಎಂದು ನನ್ನ ಬೆನ್ನಿಗೊಂದು ಕೊಟ್ಟ ಅಕ್ಕನ ಕಣ್ಣೂ ಒದ್ದೆಯಾಗಿತ್ತು.

ಬೀಗ ತೆಗೆದು, ಸುಣ್ಣ ಬಳಿದು, ತಟ್ಟೆಗಳನ್ನು ಬಿಸಿಲಿಗಿಟ್ಟು ಚಾಕಿ ಮನೆ ಶುರುವಾಯಿತು. ಮೊದಲ ಬೆಳೆ ಹಂಚುವ ದಿನ ನಾನು ರಜೆ ಹಾಕಿ ಹೋಗಿದ್ದೆ. ಬೆಳಗ್ಗೆ ಬಿಸಿಲೇರುವ ಮುಂಚೆ ಬೆಳೆಗಾರರೆಲ್ಲ ಬಂದು ಅಂಗಳದಲ್ಲಿ ನಿಂತಿದ್ದರು. ಒಂದು ವರ್ಷ ಬೇರೆ ಕಡೆ ಹೋಗಿದ್ದವರೂ ಬಂದಿದ್ದರು. ಚಿಂತಾಮಣಿಯಿಂದ ಮಾವನೂ ಬಂದಿದ್ದ. ಯುಗಾದಿ ಹತ್ತಿರವಾಯಿತೆಂದು ಶೆಡ್ಡು ನೋಡಿಕೊಂಡು ಹೋಗಲು ಬಂದನೋ, ಸೋದರಸೊಸೆಯನ್ನು ನೋಡಲು ಬಂದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕ ಎಲ್ಲಕ್ಕಿಂತ ಕೆಳಗಿನ ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹುಳು ನೋಡುತ್ತಿದ್ದಳು. ಮಾವ ಬಾಗಿಲಲ್ಲೇ ನಿಂತು ಅವಳ ಮಂಡಿಯನ್ನೇ ದಿಟ್ಟಿಸಿದ. ಎಲ್ಲರ ಮನಸ್ಸಿನಲ್ಲಿದ್ದುದನ್ನು ಅವನೇ ಕೇಳಿದ: "ನಿಜ ಹೇಳಮ್ಮಾ, ಯಾರ್ದು ಹಾಕವ್ರೆ ಒಳಗೆ?"

"ನಂದೇ ಮಾವ" ಎಂದಳು ಅಕ್ಕ, ತಟ್ಟೆಯಿಂದ ಕಣ್ಣು ತೆಗೆಯದೆ. "ನನ್ನಿಂದ್ಲೇ ಚೂರು ತಗೊಂಡ್ರು, ಸಾಕಿದ್ರು, ನಂಗೇ ವಾಪಸ್ ಕೊಟ್ರು. ಹೊಲಿದಿದ್ದು ಡಾಕ್ಟ್ರು. ಬೆಳೆದಿದ್ದು ನಂದು."

ಹಾಗೆಂದವಳು ಹುಳು ತುಂಬಿದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲೂ ಆತುಕೊಳ್ಳದೆ, ನೆಟ್ಟಗೆ ಎದ್ದು ನಿಂತಳು. ಮಾವ ಚಪ್ಪಲಿ ಬಿಟ್ಟು, ತೊಟ್ಟಿಯ ನೀರಿನಲ್ಲಿ ಕೈಕಾಲು ತೊಳೆದು ಒಳಗೆ ಬಂದು, ತಟ್ಟೆಗೆ ಕೈಯೊಡ್ಡಿದ.